ಕುಟ್ಟಬಾರದ ಮಾತ್ರೆಗಳು

ಮಾನ್ಯ ಸಂಪಾದಕರೇ,

ನುಂಗಲು ಕಷ್ಟಪಡುವ ವೃದ್ಧರೊಬ್ಬರಿಗೆ, ಔಷಧವನ್ನು ನಿಧಾನವಾಗಿ ಬಿಡುವ (ಸಸ್ಟೇನ್ಡ್ ರಿಲೀಸ್) ಮಧುಮೇಹದ ‘ಎಸ್‌ಆರ್’ ಮಾತ್ರೆಯನ್ನು ಕುಟ್ಟಿ ಮಜ್ಜಿಗೆಯಲ್ಲಿ ಕದಡಿ ಕೊಡಿ ಎಂದು ದಾವಣಗೆರೆಯ ಔಷಧದಂಗಡಿಯೊಂದರಲ್ಲಿ ಹೇಳಿದ್ದನ್ನು ಕೇಳಿ ಗಾಬರಿಯಾಯಿತು. ಇಂತಹ ಅನೇಕ ಮಾತ್ರೆಗಳಲ್ಲಿ ಸೆಲ್ಯುಲೋಸ್‌ನಿಂದ ತಯಾರಿಸಿದ ಪಾಲಿಮರ್ (ಉದ್ದ ಸರಪಳಿಯಂತಹ ಅಣುಗಳ ವಸ್ತು) ಇರುತ್ತದೆ. ಅದು ಹೊಟ್ಟೆಯೊಳಗಿನ ನೀರನ್ನು ಹೀರಿ, ನೆನೆಸಿದ ಕಾಮಕಸ್ತೂರಿ ಬೀಜದಂತೆ ಲೋಳೆಗಟ್ಟಿ ಉಬ್ಬಿ, ಔಷಧವನ್ನು ಗಂಟೆಗಟ್ಟಲೆ ತುಸುತುಸುವೇ ಬಿಟ್ಟುಕೊಡುತ್ತದೆ. ಕುಟ್ಟಿದರೆ ಈ ವ್ಯವಸ್ಥೆಯೇ ಮುರಿದು, ದಿನವಿಡೀ ಹರಡಬೇಕಾದ ಪ್ರಮಾಣ ಬೇಗನೆ ರಕ್ತ ಸೇರುತ್ತದೆ. ಆಮ್ಲೀಯತೆಗೆ ಕೊಡುವ ಪ್ಯಾಂಟೊಪ್ರಜೋಲ್‌ನಂತಹ ಮಾತ್ರೆಗಳ ತೆಳುಪದರದ ಕೆಲಸ ಬೇರೆ: ಅದು ಜಠರದ ಆಮ್ಲಕ್ಕೆ ಜಗ್ಗದೆ ಕರುಳಿನಲ್ಲಿ ಕರಗುತ್ತದೆ.

ದೊಡ್ಡ ಅಣುಗಳೂ ಪಾಲಿಮರ್‌ನಿಂದ ನಿಧಾನವಾಗಿ ಹೊರಬರಬಲ್ಲವೆಂದು ಅಮೆರಿಕದ ವಿಜ್ಞಾನಿಗಳಾದ ರಾಬರ್ಟ್ ಲ್ಯಾಂಗರ್ ಮತ್ತು ಜುಡಾ ಫೋಕ್‌ಮನ್ 1976ರಲ್ಲಿ ತೋರಿಸಿದರು. ಇಂದು ಪ್ರಾಸ್ಟೇಟ್ ಕ್ಯಾನ್ಸರ್‌ಗೆ ನೀಡುವ ಲ್ಯೂಪ್ರೊಲೈಡ್ ಚುಚ್ಚುಮದ್ದಿನ ಪಾಲಿಮರ್ ಸೂಕ್ಷ್ಮಕಣಗಳು ತಿಂಗಳುಗಟ್ಟಲೆ ಔಷಧ ಒಸರಿ, ಕೊನೆಗೆ ದೇಹದಲ್ಲೇ ಕರಗಿಹೋಗುತ್ತವೆ. ಇಷ್ಟು ಜಾಣ್ಮೆಯಿಂದ ಕಟ್ಟಿದ್ದನ್ನು ನಾವು ಒರಳಿಗೆ ಹಾಕುತ್ತಿದ್ದೇವೆ!

ಎರಡು ಹೋಳು ಮಾಡಬಹುದಾದ ಕೆಲವು ಮಾತ್ರೆಗಳಿವೆ, ನಿಜ. ಆದರೆ ಅದನ್ನು ವೈದ್ಯರೇ ಹೇಳಬೇಕು. ‘ಕುಟ್ಟಬೇಡಿ, ಅಗಿಯಬೇಡಿ’ ಎಂಬ ಸೂಚನೆಯನ್ನು ಮಾತ್ರೆಪಟ್ಟಿಯ ಮೇಲೆ ಕನ್ನಡದಲ್ಲೂ ಎದ್ದುಕಾಣುವಂತೆ ಮುದ್ರಿಸಲು ಸಂಬಂಧಪಟ್ಟವರು ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.

– ಓದುಗ, ದಾವಣಗೆರೆ