ಗುರುವಾರದ ಆಗುಂಬೆ ಪ್ರವಾಸ

ಎಲ್ಲರಿಗೂ ನಮಸ್ಕಾರ. ಗುರುವಾರ ಬೆಳಿಗ್ಗೆ 6ಕ್ಕೆ ಸರಿಯಾಗಿ ಶಿವಮೊಗ್ಗದಿಂದ ಹೊರಡುತ್ತೇವೆ. ಹೋದ ಸಲದ ಹಾಗೆ ಕಾಫಿ ನೆಪದಲ್ಲಿ ಅರ್ಧ ಗಂಟೆ ತಡ ಮಾಡಬೇಡಿ! ತಿಂಡಿ ತೀರ್ಥಹಳ್ಳಿಯಲ್ಲಿ.

ಮಳೆ ಕಡಿಮೆಯಾಗಿದ್ದರೂ ಉಂಬಳ (ಜಿಗಣೆ) ಇನ್ನೂ ಇದೆ. ಉದ್ದನೆ ಕಾಲುಚೀಲ ಹಾಕಿ, ಪ್ಯಾಂಟಿನ ತುದಿ ಅದರೊಳಗೆ ತೂರಿಸಿ. ಕಚ್ಚಿದರೆ ಗಾಬರಿಯಾಗಿ ಎಳೆಯಬೇಡಿ. ಸ್ವಲ್ಪ ಉಪ್ಪು ಹಾಕಿದರೆ ತಾನೇ ಉದುರುತ್ತದೆ.

ಸಿಂಗಳೀಕ ಎಂಬ ಕೋತಿ ಪಶ್ಚಿಮ ಘಟ್ಟದ ಕಾಡು ಬಿಟ್ಟು ಬೇರೆಲ್ಲೂ ಇಲ್ಲ. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ. ಮರದ ತುದಿಯಲ್ಲೇ ಇರುತ್ತದೆ, ಬೈನಾಕ್ಯುಲರ್ ಇದ್ದವರು ತನ್ನಿ. ಕಾಳಿಂಗ ಸರ್ಪ ಕಾಣದಿದ್ದರೆ ನನ್ನನ್ನು ಬೈಯಬೇಡಿ.

ಕುಂದಾದ್ರಿ ಬೆಟ್ಟದ ಬಸದಿಯ ಹತ್ತಿರದ ತನಕ ರಸ್ತೆ ಇದೆ, ಮಂಡಿನೋವಿನವರೂ ಬರಬಹುದು. ಘಾಟಿಯ ಕೋತಿಗಳಿಗೆ ದಯವಿಟ್ಟು ಬಿಸ್ಕತ್ತು ಹಾಕಬೇಡಿ. ಬಿಪಿ, ಶುಗರ್ ಮಾತ್ರೆ ಕೈಚೀಲದಲ್ಲೇ ಇರಲಿ. ಬರುವವರು ಮಂಗಳವಾರದೊಳಗೆ ಇಲ್ಲೇ ತಿಳಿಸಿ.