ಆ ಚಿತ್ರವನ್ನು ಪೂರ್ತಿ ಅಚ್ಚು ಮಾಡಿ

ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ಅಮೆರಿಕದ ಕಲಾವಿದೆ ಡೆಬೊರಾ ರಾಬರ್ಟ್ಸ್ ಬಗ್ಗೆ ಬಂದ ಬರಹ ಓದಿ ಖುಷಿಯಾಯಿತು. ಆದರೆ ಜೊತೆಗಿದ್ದ ಚಿತ್ರ ನೋಡಿ ಅಷ್ಟೇ ಬೇಸರವೂ ಆಯಿತು. ಹುಡುಗಿಯ ಮುಖವನ್ನಷ್ಟೇ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಕತ್ತರಿಸಿದ್ದೀರಿ. ಕೆಳಗೆ 'ವಿಕಾರಗೊಂಡ ಮುಖ' ಎಂದು ಬೇರೆ ಬರೆದಿದ್ದೀರಿ. ಮುಖ ಒಂದನ್ನೇ ನೋಡಿದರೆ ಯಾರಿಗಾದರೂ ಹಾಗೆ ಅನಿಸಬಹುದು. ಅದಕ್ಕೇ ಈ ಪತ್ರ.

ರಾಬರ್ಟ್ಸ್ ಹುಟ್ಟಿದ್ದು 1962ರಲ್ಲಿ, ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ಐವತ್ತು ದಾಟಿದ ಮೇಲೆ, 2014ರಲ್ಲಿ, ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಎಂ.ಎಫ್.ಎ. (ಲಲಿತಕಲೆಯ ಸ್ನಾತಕೋತ್ತರ ಪದವಿ) ಮುಗಿಸಿದರು. ಅದನ್ನು ನಿಮ್ಮ ಬರಹ ಹೇಳಿದ್ದು ಒಳ್ಳೆಯದಾಯಿತು. ಅವರ ಚಿತ್ರಗಳಲ್ಲಿ ಇರುವವರು ಹೆಚ್ಚಾಗಿ ಕಪ್ಪು ಮಕ್ಕಳು. ಬೇರೆ ಬೇರೆ ಫೋಟೊಗಳ ತುಣುಕು ಅಂಟಿಸಿ ಮುಖ ಕಟ್ಟುತ್ತಾರೆ. ಒಂದು ಕಣ್ಣು ಒಬ್ಬರದು, ಇನ್ನೊಂದು ಇನ್ನೊಬ್ಬರದು, ತುಟಿ ಮತ್ತ್ಯಾರದೋ. ಬಟ್ಟೆಗೆ ಮಾತ್ರ ಕುಂಚದಿಂದ ಬಣ್ಣ ತುಂಬುತ್ತಾರೆ. ಪಟ್ಟೆ, ಚುಕ್ಕಿ, ಗಾಢ ಬಣ್ಣ, ಥೇಟ್ ಮಕ್ಕಳ ಬಟ್ಟೆಯೇ. ಆದರೆ ಆ ಪುಟ್ಟ ಮೈಗೆ ಎಷ್ಟೋ ಸಲ ದೊಡ್ಡವರ ಕೈ ಅಂಟಿರುತ್ತದೆ, ಕೆಲವೊಮ್ಮೆ ಮುಷ್ಟಿ ಬಿಗಿದ ಕೈ. ಬಹಳಷ್ಟು ಚಿತ್ರಗಳಲ್ಲಿ ಸುತ್ತ ಬರೀ ಬಿಳಿ. ಮನೆ ಇಲ್ಲ, ಬೀದಿ ಇಲ್ಲ, ಪಕ್ಕದಲ್ಲಿ ಅಪ್ಪ ಅಮ್ಮನೂ ಇಲ್ಲ.

ನೀವು ಕತ್ತರಿಸಿದ್ದು ಆ ಕೈಯನ್ನು, ಆ ಬಿಳಿಯನ್ನು. ಚಿತ್ರದ ಜೀವ ಇದ್ದದ್ದೇ ಅಲ್ಲಿ.

ಅಮೆರಿಕದಲ್ಲಿ ಕಪ್ಪು ಮಗುವನ್ನು ಬಹಳ ಬೇಗ ದೊಡ್ಡವರ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. 2014ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ನಗರದ ಪಾರ್ಕಿನಲ್ಲಿ ಟಮೀರ್ ರೈಸ್ ಎಂಬ ಹುಡುಗ ಆಟದ ಪಿಸ್ತೂಲು ಹಿಡಿದುಕೊಂಡಿದ್ದ. ವಯಸ್ಸು 12. ಪೊಲೀಸ್ ಕಾರು ಬಂದ ಒಂದೆರಡು ಸೆಕೆಂಡಿನಲ್ಲೇ ಅವನಿಗೆ ಗುಂಡು ಬಿತ್ತು. ಆಮೇಲೆ ಪೊಲೀಸರು ರೇಡಿಯೊದಲ್ಲಿ ತಿಳಿಸಿದ ವಯಸ್ಸು ಸುಮಾರು 20! ಮರುದಿನ ಹುಡುಗ ತೀರಿಕೊಂಡ. ಅದಕ್ಕೂ 70 ವರ್ಷ ಹಿಂದೆ, 1944ರಲ್ಲಿ, ಸೌತ್ ಕ್ಯಾರೊಲಿನಾದಲ್ಲಿ 14 ವರ್ಷದ ಜಾರ್ಜ್ ಸ್ಟಿನ್ನಿ ಎಂಬ ಕಪ್ಪು ಹುಡುಗನಿಗೆ ಮರಣದಂಡನೆ ವಿಧಿಸಿ, ವಿದ್ಯುತ್ ಕುರ್ಚಿಯಲ್ಲಿ ಕೂರಿಸಿ ಕೊಂದರು. ಆ ತೀರ್ಪು ರದ್ದಾಗಿದ್ದು 2014ರಲ್ಲಿ. ಹೆಣ್ಣುಮಕ್ಕಳ ಕಥೆಯೂ ಬೇರೆಯಲ್ಲ. ಅದೇ ವಯಸ್ಸಿನ ಬಿಳಿಯ ಹುಡುಗಿಯರಿಗಿಂತ ಕಪ್ಪು ಹುಡುಗಿಯರಿಗೆ ಆರೈಕೆ, ರಕ್ಷಣೆ ಕಡಿಮೆ ಸಾಕು ಎಂದು ದೊಡ್ಡವರು ಭಾವಿಸುವುದನ್ನು ಜಾರ್ಜ್‌ಟೌನ್ ವಿಶ್ವವಿದ್ಯಾಲಯದ 2017ರ ವರದಿ ತೋರಿಸಿದೆ.

ಇಷ್ಟು ಗೊತ್ತಿದ್ದು ನೋಡಿದರೆ, ಮಗುವಿಗೆ ಆ ದೊಡ್ಡ ಕೈ ಅಂಟಿಸಿದವರು ನೋಡುವ ಜನರೇ ಅನಿಸುತ್ತದೆ. ಮುಖದ ತುಣುಕುಗಳೂ ಹಾಗೇ. ಯಾರ್ಯಾರದೋ ಊಹೆಗಳೆಲ್ಲ ಸೇರಿ ಒಂದು ಮಗುವಿನ ಮೇಲೆ ಕೂತಿವೆ. ಆದರೂ ಆ ಮಕ್ಕಳು ಕುಗ್ಗಿಲ್ಲ ನೋಡಿ. ನೆಟ್ಟಗೆ ನಿಂತು ನಮ್ಮನ್ನೇ ನೋಡುತ್ತಾರೆ. ನನಗೆ ತುಂಬಾ ಇಷ್ಟವಾಗುವುದು ಅದೇ. ಇದನ್ನು ವಿಕಾರ ಅನ್ನಬಹುದಾ?

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತೇನೆ. ಮುಖಕ್ಕೆ ಬಣ್ಣ ಹಚ್ಚುವಾಗ ನಮ್ಮ ಮಕ್ಕಳು 'ಸ್ಕಿನ್ ಕಲರ್ ಕೊಡೋ' ಎಂದು ಪಕ್ಕದವರನ್ನು ಕೇಳುತ್ತಾರೆ. ಕೈಗೆ ಬರುವುದು ತಿಳಿ ಗುಲಾಬಿ ಪೆನ್ಸಿಲ್. ಕೇಳಿದ ಮಗುವಿನ ಕೈಯ ಬಣ್ಣಕ್ಕೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಇವರಿಗೆ ರಾಬರ್ಟ್ಸ್ ಅವರ ಚಿತ್ರ ತೋರಿಸಬೇಕು ಎಂದು ಎಷ್ಟೋ ದಿನದಿಂದ ಆಸೆ. ಮೊಬೈಲಿನ ಪುಟ್ಟ ಪರದೆಯಲ್ಲಿ ಇಡೀ ತರಗತಿಗೆ ತೋರಿಸಲು ಆಗುವುದಿಲ್ಲ.

ಜಾಗ ಸಾಲದೆ ಹಾಗೆ ಕತ್ತರಿಸಿರಬಹುದು, ಪುಟ ಕಟ್ಟುವವರ ಕಷ್ಟ ಅರ್ಥವಾಗುತ್ತದೆ. ಆದರೂ ಮುಂದಿನ ಪುರವಣಿಯಲ್ಲಿ ಒಂದೇ ಒಂದು ಚಿತ್ರವನ್ನು ತಲೆಯಿಂದ ಪಾದದವರೆಗೆ, ಸುತ್ತಲಿನ ಖಾಲಿ ಜಾಗದ ಸಮೇತ ಅಚ್ಚು ಮಾಡಿ. ಕೆಳಗೆ ಚಿತ್ರದ ಹೆಸರು, ವರ್ಷ, ಏನೇನು ಬಳಸಿದ್ದಾರೆ ಎಂಬುದಿದ್ದರೆ ಸಾಕು. ಆ ಪುಟವನ್ನು ನಮ್ಮ ತರಗತಿಯ ಗೋಡೆಗೆ ಹಚ್ಚುತ್ತೇನೆ.

– ಚಿತ್ರಕಲಾ ಶಿಕ್ಷಕಿ, ದಾವಣಗೆರೆ