ಟೆನ್ಸ್ ಪಟ್ಟಿ ಸಾಕು, ಆದದ್ದನ್ನು ಹೇಳಿಸಿ

ಸಂಪಾದಕರಿಗೆ ನಮಸ್ಕಾರ.

ಪತ್ರಿಕೆಗಳ ವಿದ್ಯಾರ್ಥಿ ಪುಟದಲ್ಲಿ ಆಗಾಗ ಒಂದು ಪಟ್ಟಿ ಬರುತ್ತದೆ, ನಿಮ್ಮಲ್ಲೂ ಬಂದಿದೆ. ಮೇಲೆ ಪ್ರೆಸೆಂಟ್, ಪಾಸ್ಟ್, ಫ್ಯೂಚರ್. ಪಕ್ಕದಲ್ಲಿ ಸಿಂಪಲ್, ಕಂಟಿನ್ಯೂಯಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯೂಯಸ್. ಒಟ್ಟು 12 ಚೌಕ, ಒಂದೊಂದರಲ್ಲೂ ಒಂದೊಂದು ವಾಕ್ಯ. ಅದನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡು ನನ್ನ ಕ್ಲಾಸಿಗೆ ಬರುವವರಿದ್ದಾರೆ. ಅವರ ಶ್ರದ್ಧೆ ಬಗ್ಗೆ ನನಗೆ ಗೌರವವೇ. ಆದರೆ ಆ ಪಟ್ಟಿ ಒಂದು ಹಂತದವರೆಗೆ ಮಾತ್ರ ಕೆಲಸಕ್ಕೆ ಬರುತ್ತದೆ, ಅದಾದಮೇಲೆ ಅದೇ ಅಡ್ಡಗಾಲು ಹಾಕುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ನಾನು ತುಮಕೂರಿನಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರು ಎಬಿಸಿಡಿ ಕಲಿಯುವವರಲ್ಲ. ಡಿಗ್ರಿ ಆಗಿದೆ, ಇಂಗ್ಲಿಷ್ ಪೇಪರ್ ಓದುತ್ತಾರೆ, ಆಫೀಸಿನ ಮೇಲ್ ಬರೆಯುತ್ತಾರೆ, ಎದುರಿಗೆ ಕೂತು ಐದು ನಿಮಿಷ ಮಾತಾಡಿ ಅಂದರೆ ಮಾತ್ರ ತಡವರಿಸುತ್ತಾರೆ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಹೊರತಂದ, ಒಬ್ಬರಿಗೆ ಒಂದು ಭಾಷೆ ಎಷ್ಟು ಬರುತ್ತದೆ ಅಂತ ನೋಡುವ ಅಳತೆಯಲ್ಲಿ ಎ1ರಿಂದ ಸಿ2ರವರೆಗೆ ಆರು ಹಂತಗಳಿವೆ. ಇವರು ನಾಲ್ಕನೆಯದರಲ್ಲಿ, ಅಂದರೆ ಬಿ2ರಲ್ಲಿ, ಇಲ್ಲವೇ ಅದರ ಹೊಸ್ತಿಲಲ್ಲಿ ಇರುವವರು. ಅಪ್ಪರ್ ಇಂಟರ್‌ಮೀಡಿಯೇಟ್ ಅನ್ನುತ್ತಾರಲ್ಲ, ಅದು.

ಗೋ, ವೆಂಟ್, ಗಾನ್ ಇವರಿಗೆ ನಿದ್ದೆಯಲ್ಲೂ ಬರುತ್ತದೆ. ಬಿಟ್ಟ ಸ್ಥಳ ತುಂಬಿ ಅಂದರೆ ಹತ್ತಕ್ಕೆ ಹತ್ತು. ಕಳೆದ ವಾರ ನಿಮ್ಮ ಆಫೀಸಿನಲ್ಲಿ ಏನಾಯಿತು ಹೇಳಿ ಅಂದ ತಕ್ಷಣ ಎಲ್ಲ ಕಲಸಿಹೋಗುತ್ತದೆ.

ಮೊದಲು 'ಹ್ಯಾಡ್' ವಿಷಯ ತೆಗೆದುಕೊಳ್ಳಿ. 'ನಿನ್ನೆ ಮೈಸೂರಿಗೆ ಹೋಗಿದ್ದೆ' ಅಂತ ನಾವು ದಿನಾ ಹೇಳುತ್ತೇವೆ. ಹೋದೆ, ಕೆಲಸ ಮುಗಿಯಿತು, ವಾಪಸ್ ಬಂದೆ ಅನ್ನುವುದೆಲ್ಲ ಆ ಒಂದು ಮಾತಿನಲ್ಲೇ ಬಂದುಬಿಡುತ್ತದೆ. ಅದನ್ನು ಹಾಗೇ ಇಂಗ್ಲಿಷಿಗೆ ಎತ್ತಿಟ್ಟರೆ 'ಐ ಹ್ಯಾಡ್ ಗಾನ್ ಟು ಮೈಸೂರು ಯೆಸ್ಟರ್‌ಡೇ'. ನಮ್ಮ ನಮ್ಮಲ್ಲಿ ಮಾತಾಡುವಾಗ ಇದರಿಂದ ತೊಂದರೆ ಏನಿಲ್ಲ. ಹಿಂದಿಯವರೂ ಹೀಗೇ ಹೇಳುತ್ತಾರೆ, ಯಾರಿಗೂ ಅರ್ಥವಾಗದೆ ಇರುವುದಿಲ್ಲ. ಆದರೆ ಲಂಡನ್ನಿನಲ್ಲೋ ಸಿಡ್ನಿಯಲ್ಲೋ ಕೂತು ಫೋನಿನಲ್ಲಿ ಕೇಳುತ್ತಿರುವವರ ಕಿವಿಗೆ 'ಹ್ಯಾಡ್ ಗಾನ್' ಬಿತ್ತು ಅಂದರೆ ಅವರು ಮುಂದಿನದಕ್ಕೆ ಕಾಯುತ್ತಾರೆ. ಯಾವುದಕ್ಕಿಂತ ಮುಂಚೆ ಹೋಗಿದ್ದೆ? ಆಮೇಲೆ ಏನಾಯಿತು? ನೀವು ಅಲ್ಲಿಗೇ ನಿಲ್ಲಿಸಿದರೆ ಅವರಿಗೆ ಮಾತು ಅರ್ಧಕ್ಕೇ ನಿಂತ ಹಾಗೆ. ಇಂಟರ್‌ವ್ಯೂನಲ್ಲಿ 'ಐ ಹ್ಯಾಡ್ ಕಂಪ್ಲೀಟೆಡ್ ಮೈ ಡಿಗ್ರಿ, ಐ ಹ್ಯಾಡ್ ಜಾಯಿನ್ಡ್ ಒನ್ ಕಂಪನಿ, ಐ ಹ್ಯಾಡ್ ಲೆಫ್ಟ್ ಇಟ್' ಅಂತ ಸಾಲಾಗಿ ಹ್ಯಾಡ್ ಸುರಿಯುವ ಹುಡುಗನಿಗೆ ವ್ಯಾಕರಣ ಬರುವುದಿಲ್ಲ ಅನ್ನುವುದು ತಪ್ಪು. ಅವನು ಕನ್ನಡದ ಲೆಕ್ಕದಲ್ಲಿ ಸರಿಯಾಗೇ ಹೇಳುತ್ತಿದ್ದಾನೆ.

ತಮಾಷೆ ಏನು ಗೊತ್ತಾ, ಹ್ಯಾಡ್ ನಿಜಕ್ಕೂ ಎಲ್ಲಿ ಬೇಕು ಅನ್ನುವುದೂ ಅವನಿಗೆ ಕನ್ನಡದಿಂದಲೇ ಗೊತ್ತು. 'ನಾನು ಸ್ಟ್ಯಾಂಡಿಗೆ ಬಂದಾಗ ಬಸ್ ಹೊರಟಿತು.' 'ನಾನು ಸ್ಟ್ಯಾಂಡಿಗೆ ಬಂದಾಗ ಬಸ್ ಹೊರಟುಹೋಗಿತ್ತು.' ಮೊದಲನೆಯದರಲ್ಲಿ ಓಡಿಹೋಗಿ ಹತ್ತಬಹುದಿತ್ತು, ಎರಡನೆಯದರಲ್ಲಿ ಬಸ್ಸೇ ಇಲ್ಲ. 'ದ ಬಸ್ ಲೆಫ್ಟ್', 'ದ ಬಸ್ ಹ್ಯಾಡ್ ಲೆಫ್ಟ್', ಅಷ್ಟೇ. ಕನ್ನಡದಲ್ಲಿ ಕೇಳಿದರೆ ಎರಡು ನಿಮಿಷದ ಪಾಠ ಇದು. ಕ್ಲಾಸಿನೊಳಗೆ ಕನ್ನಡ ಮಾತಾಡಿದರೆ ದಂಡ ಅಂತ ಬೋರ್ಡ್ ಹಾಕಿಕೊಂಡಿರುವ ಕಡೆ ಇದಕ್ಕೇ ಒಂದು ವಾರ ತಿಣುಕಬೇಕು. ಆ ಬೋರ್ಡ್ ಯಾಕೆ ಬೇಕೋ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ಬಂದವರ ತಲೆಯಲ್ಲಿ ಕನ್ನಡ ಇದ್ದೇ ಇರುತ್ತದೆ, ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಬಿಟ್ಟುಬರಲು ಆಗುತ್ತದೆಯೇ?

ಇನ್ನೊಂದು ಇದಕ್ಕಿಂತ ಹಟಮಾರಿ. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಕನ್ನಡದಲ್ಲಿ ನಾವು 'ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ತಿಂಡಿ ತಿಂದು, ಬಸ್ ಹಿಡಿದು, ಆಫೀಸಿಗೆ ಬಂದೆ' ಅನ್ನುತ್ತೇವೆ. ಇದರಲ್ಲಿ ಕಾಲ ಇರುವುದು ಕೊನೆಯ 'ಬಂದೆ'ಯಲ್ಲಿ ಮಾತ್ರ. ಅದನ್ನು 'ಬರುತ್ತೇನೆ' ಅಂತ ಬದಲಾಯಿಸಿ ನೋಡಿ, ಇಡೀ ಸಾಲು ದಿನನಿತ್ಯದ್ದಾಗುತ್ತದೆ, ಹಿಂದಿನ ಒಂದು ಮಾತನ್ನೂ ಮುಟ್ಟಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಈ ಸೌಕರ್ಯ ಇಷ್ಟು ಸಲೀಸಾಗಿಲ್ಲ. ಸಾಮಾನ್ಯವಾಗಿ ಪ್ರತಿಯೊಂದು ಕ್ರಿಯಾಪದವೂ ತನ್ನ ಕಾಲವನ್ನು ತಾನೇ ಹೊರಬೇಕು. ಹಾಗಾಗಿ ನಮ್ಮವರು ರಭಸದಲ್ಲಿ ಹೇಳುವುದು ಹೀಗೆ: 'ಐ ಗಾಟ್ ಅಪ್, ಟೇಕ್ ಬಾತ್, ಈಟ್ ಟಿಫಿನ್, ಕ್ಯಾಚ್ ದ ಬಸ್ ಅಂಡ್ ಕೇಮ್ ಟು ಆಫೀಸ್.' ಮೊದಲನೆಯದು ಸರಿ, ಕೊನೆಯದು ಸರಿ, ನಡುವಿನವು ಬೋಳು ಬೋಳು. ಇದೇ ಮನುಷ್ಯನಿಗೆ 'ಟೇಕ್'ನ ಪಾಸ್ಟ್ ಟೆನ್ಸ್ ಏನ್ರೀ ಅಂತ ಕೇಳಿ, ಕಣ್ಣು ಮುಚ್ಚಿ 'ಟುಕ್' ಅನ್ನುತ್ತಾರೆ. ಇದು ಪಟ್ಟಿಯಿಂದ ಹೋಗುವ ತೊಂದರೆ ಅಲ್ಲವೇ ಅಲ್ಲ, ಯಾಕೆಂದರೆ ಪಟ್ಟಿಯಲ್ಲಿ ಒಂದು ಚೌಕಕ್ಕೆ ಒಂದೇ ವಾಕ್ಯ, ಒಂದು ವಾಕ್ಯಕ್ಕೆ ಒಂದೇ ಕ್ರಿಯಾಪದ, ಅದೂ 'ಹಿ ರೋಟ್ ಅ ಲೆಟರ್' ಥರದ್ದು, ಮುಂದೆ ಯಾರಿಗೆ ಬರೆದ, ಬರೆದು ಏನು ಮಾಡಿದ ಅಂತ ಯಾರೂ ಕೇಳುವುದಿಲ್ಲ. ಐದಾರು ಕೆಲಸ ಸಾಲಾಗಿ ಬರುವ ಒಂದು ಘಟನೆಯನ್ನು ಬಾಯಿಬಿಟ್ಟು ಹೇಳುವಾಗ ಮಾತ್ರ ಈ ದೋಷ ಹೊರಗೆ ಬರುತ್ತದೆ, ಹೇಳಿ ಹೇಳಿಯೇ ಅದು ಹೋಗಬೇಕು.

'ಹೋಗ್ತಿದ್ದೆ' ಅನ್ನುವುದೂ ಹಾಗೇ. ಆ ಹೊತ್ತಿನಲ್ಲಿ ಹೋಗುತ್ತಿದ್ದೆ ಅಂತಲೂ ಆಗುತ್ತದೆ, ಚಿಕ್ಕವನಿದ್ದಾಗ ದಿನಾ ಹೋಗುತ್ತಿದ್ದೆ ಅಂತಲೂ ಆಗುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ 'ವಾಸ್ ಗೋಯಿಂಗ್', ಎರಡನೆಯದಕ್ಕೆ 'ಯೂಸ್ಡ್ ಟು ಗೋ' ಅಥವಾ 'ವುಡ್ ಗೋ'. ಈ ಮಟ್ಟದ ಕ್ಲಾಸಿನಲ್ಲಿ 'ವುಡ್' ಕಲಿತ ಖುಷಿಗೆ ಎಲ್ಲದಕ್ಕೂ ಅದನ್ನೇ ಹಾಕುತ್ತಾರೆ. ಮತ್ತೆ ಮತ್ತೆ ಮಾಡುತ್ತಿದ್ದ ಕೆಲಸಕ್ಕಾದರೆ ಸರಿ, 'ನನ್ನ ಹತ್ತಿರ ಒಂದು ಸೈಕಲ್ ಇತ್ತು' ಅನ್ನುವುದಕ್ಕೆ ಅದು ಆಗುವುದಿಲ್ಲ, 'ಹ್ಯಾಡ್' ಇಲ್ಲವೇ 'ಯೂಸ್ಡ್ ಟು ಹ್ಯಾವ್' ಅನ್ನಬೇಕು. ಉಚ್ಚಾರಣೆ ಬಗ್ಗೆ ಒಂದೇ ಮಾತು: 'ವಾಕ್ಡ್' ಅನ್ನುವುದನ್ನು 'ವಾಕೆಡ್' ಅಂತ ಎಳೆಯುವುದು ಬೇಡ, 'ವಾಕ್ಟ್' ಅಂದರೆ ಸಾಕು. 'ವಾಂಟೆಡ್', 'ನೀಡೆಡ್' ಥರ ಮೂಲ ಕ್ರಿಯಾಪದದ ಕೊನೆಯಲ್ಲೇ ಟಿ ಅಥವಾ ಡಿ ಸದ್ದು ಇದ್ದರೆ ಮಾತ್ರ 'ಎಡ್' ಅಂತ ಬಿಡಿಸಿ ಹೇಳಬೇಕು.

ಇಷ್ಟೆಲ್ಲ ಸೂಕ್ಷ್ಮ ಯಾಕೆ ಸಾರ್, ಅರ್ಥ ಆದರೆ ಸಾಕಲ್ವಾ ಅಂತ ಕೇಳುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಹೊರದೇಶಕ್ಕೆ ಹೋಗಬೇಕು ಅಂತ ತಯಾರಾಗುತ್ತಿರುವ ನರ್ಸ್‌ಗಳು ನನ್ನ ಕ್ಲಾಸಿಗೆ ಬರುತ್ತಾರೆ, ಅವರ ಕೆಲಸದಿಂದಲೇ ಉತ್ತರ ಕೊಡುತ್ತೇನೆ. ಡ್ಯೂಟಿ ಬದಲಾಗುವಾಗ ಮುಂದಿನವರಿಗೆ ರೋಗಿಯ ವಿಷಯ ಹೇಳಬೇಕಲ್ಲ. 'ಹಿ ಹ್ಯಾಡ್ ಅ ಫೀವರ್ ಫಾರ್ ತ್ರೀ ಡೇಸ್' ಅಂದರೆ ಮೂರು ದಿನ ಜ್ವರ ಇತ್ತು, ಈಗಿಲ್ಲ. 'ಹಿ ಹ್ಯಾಸ್ ಹ್ಯಾಡ್ ಅ ಫೀವರ್ ಫಾರ್ ತ್ರೀ ಡೇಸ್' ಅಂದರೆ ಮೂರು ದಿನದಿಂದ ಇದೆ, ಈಗಲೂ ಇದೆ. ನಡುವೆ ಇರುವುದು ಒಂದು ಸಣ್ಣ 'ಹ್ಯಾಸ್'. ನಾವು 'ಮೂರು ದಿನದಿಂದ ಜ್ವರ ಇದೆ' ಅನ್ನುವುದರಿಂದ ನಮ್ಮ ಬಾಯಿಗೆ ಬರುವುದು 'ಹಿ ಈಸ್ ಹ್ಯಾವಿಂಗ್ ಫೀವರ್ ಸಿನ್ಸ್ ತ್ರೀ ಡೇಸ್'. ಅದೂ ಅರ್ಥವಾಗುತ್ತದೆ, ಬಿಡಿ. ಇದನ್ನು ತಿದ್ದಲು ಹೋಗಿ 'ಹಿ ಹ್ಯಾಡ್' ಅಂದುಬಿಟ್ಟರೆ ಕಷ್ಟ, ಆಗ ಅರ್ಥವೇ ಬೇರೆಯಾಗುತ್ತದೆ.

ಹಾಗಂತ ಎಲ್ಲ ಕಡೆ ಇಂಗ್ಲೆಂಡಿನವರ ಥರವೇ ಮಾತಾಡಬೇಕು ಅನ್ನುವ ಪಂಗಡದವನು ನಾನಲ್ಲ. 'ಐ ಹ್ಯಾವ್ ಆಲ್‌ರೆಡಿ ಈಟನ್' ಅಂತ ಬ್ರಿಟನ್ನಿನವರು ಹೇಳುವ ಕಡೆ ಅಮೆರಿಕದವರು ಆರಾಮಾಗಿ 'ಐ ಆಲ್‌ರೆಡಿ ಏಟ್' ಅನ್ನುತ್ತಾರೆ. ಇದನ್ನು ತಪ್ಪು ಅಂತ ಕೆಂಪು ಗೆರೆ ಎಳೆಯುವ ಮೇಷ್ಟ್ರುಗಳನ್ನು ನೋಡಿದರೆ ನಗು ಬರುತ್ತದೆ. ಇಷ್ಟು ಮಾತ್ರ ಇಬ್ಬರಿಗೂ ಒಂದೇ: ಇಂಥ ವರ್ಷ, ಇಂಥ ದಿನ ಅಂತ ಮುಗಿದುಹೋದ ಕಾಲ ಹೇಳಿದಮೇಲೆ 'ಹ್ಯಾವ್' ಬರುವುದಿಲ್ಲ. 'ಐ ಹ್ಯಾವ್ ಫಿನಿಶ್ಡ್ ಮೈ ಡಿಗ್ರಿ ಇನ್ 2019' ಅನ್ನುವುದು ನಮ್ಮ '2019ರಲ್ಲಿ ಮುಗಿಸಿದ್ದೇನೆ' ಅನ್ನುವುದರ ನೆರಳು.

ಹಾಗಾದರೆ ಕ್ಲಾಸಿನಲ್ಲಿ ಏನು ಮಾಡಿಸಬೇಕು? ನಾನು ಜಾಸ್ತಿ ನಂಬಿರುವುದು ಒಂದು ಹಳೇ ಆಟವನ್ನು. ಇಂಗ್ಲಿಷ್ ಕಲಿಸುವವರಿಗೆ ಇದು ಗೊತ್ತಿರುತ್ತದೆ, 'ಆಲಿಬೈ' ಅನ್ನುತ್ತಾರೆ. ನಿನ್ನೆ ರಾತ್ರಿ 8ರಿಂದ 10ರೊಳಗೆ ಒಂದು ಒಡವೆ ಅಂಗಡಿಯಲ್ಲಿ ಕಳ್ಳತನ ಆಗಿದೆ ಅಂತ ಇಟ್ಟುಕೊಳ್ಳಿ. ಕ್ಲಾಸಿನ ಇಬ್ಬರ ಮೇಲೆ ಅನುಮಾನ. ಆ ಹೊತ್ತಿನಲ್ಲಿ ನಾವಿಬ್ಬರೂ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದೆವು ಅನ್ನುವುದು ಅವರ ವಾದ. ಹೊರಗೆ ಹೋಗಿ ಇಬ್ಬರೂ ಕಥೆ ಹೊಂದಿಸಿಕೊಂಡು ಬರಬೇಕು. ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದು ಉಳಿದವರೆಲ್ಲ ಪೊಲೀಸರಾಗಿ ಪ್ರಶ್ನೆ ಹಾಕುವುದು, ಎಲ್ಲ ಇಂಗ್ಲಿಷಿನಲ್ಲೇ. ನೀವು ಹೋದಾಗ ಅವರು ಬಂದಿದ್ದರಾ, ಆಮೇಲೆ ಬಂದರಾ? ಕರೆಂಟ್ ಹೋದಾಗ ಏನು ಮಾಡುತ್ತಿದ್ದಿರಿ? ಬಿಲ್ ಯಾರು ಕೊಟ್ಟರು, ಅಷ್ಟೊತ್ತಿಗೆ ಕಾಫಿ ಕುಡಿದಾಗಿತ್ತಾ? ಒಬ್ಬ 'ವೆನ್ ಐ ರೀಚ್ಡ್, ಹಿ ಹ್ಯಾಡ್ ಆರ್ಡರ್ಡ್' ಅನ್ನುತ್ತಾನೆ, ಇನ್ನೊಬ್ಬ 'ವೆನ್ ಹಿ ರೀಚ್ಡ್, ಐ ಆರ್ಡರ್ಡ್' ಅನ್ನುತ್ತಾನೆ. ಸಿಕ್ಕಿಬಿದ್ದರು! ಬರೀ ಒಂದು ಹ್ಯಾಡ್‌ನಿಂದ ಇಬ್ಬರೂ ಒಳಗೆ. ನಾನು ಹಾಗೆ ಹೇಳಲಿಲ್ಲ, ನಾನು ಹೇಳಿದ್ದು ಹೀಗೆ ಅಂತ ಆಮೇಲೆ ಅವರು ಜಗಳಕ್ಕೆ ನಿಲ್ಲುತ್ತಾರಲ್ಲ, ಆ ಜಗಳವೇ ಪಾಠ. ಬಿಟ್ಟ ಸ್ಥಳ ತುಂಬುವುದರಲ್ಲಿ ಹ್ಯಾಡ್ ಬಿಟ್ಟರೆ ಅರ್ಧ ಮಾರ್ಕ್ಸ್ ಹೋಗುತ್ತದೆ, ಅಷ್ಟೇ. ಅದಕ್ಕೆ ಯಾರೂ ಜಗಳ ಆಡುವುದಿಲ್ಲ.

ಇನ್ನೊಂದು ಉಪಾಯ ಇನ್ನೂ ಸುಲಭ. ತಮಗೆ ಆದ ಒಂದು ಘಟನೆಯನ್ನು ಪಕ್ಕದವರಿಗೆ ನಾಲ್ಕು ನಿಮಿಷದಲ್ಲಿ ಹೇಳುವುದು. ಜೊತೆಗಾರರನ್ನು ಬದಲಾಯಿಸಿ ಅದನ್ನೇ ಮೂರು ನಿಮಿಷದಲ್ಲಿ. ಮತ್ತೆ ಬದಲಾಯಿಸಿ ಎರಡು ನಿಮಿಷದಲ್ಲಿ. ಮೂರನೇ ಸಲಕ್ಕೆ ತಡವರಿಕೆ ಕಡಿಮೆಯಾಗಿರುತ್ತದೆ. ಮಧ್ಯದಲ್ಲಿ ಮೇಷ್ಟ್ರು ಬಾಯಿ ಹಾಕಬಾರದು. ಕೇಳಿದ ತಪ್ಪುಗಳನ್ನು ಬರೆದಿಟ್ಟುಕೊಂಡು ಎಲ್ಲ ಮುಗಿದಮೇಲೆ ಯಾರದು ಅಂತ ಹೇಳದೆ ಬೋರ್ಡಿಗೆ ಹಾಕಿದರೆ ಸಾಕು. ಒಂದೊಂದು ಮಾತಿಗೂ ತಡೆದು ತಿದ್ದುವ ಕ್ಲಾಸಿನಲ್ಲಿ ಜನ ಮಾತಾಡುವುದನ್ನೇ ಬಿಟ್ಟುಬಿಡುತ್ತಾರೆ.

ಪರೀಕ್ಷೆಗೆ ಇದೆಲ್ಲ ಸಮಯ ಹಾಳು ಅನ್ನುವವರು ಆ ಪರೀಕ್ಷೆಯನ್ನೇ ಒಮ್ಮೆ ನೋಡಲಿ. ಹೊರದೇಶಕ್ಕೆ ಹೋಗುವವರು ತೆಗೆದುಕೊಳ್ಳುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಮಾತಿನ ಭಾಗದಲ್ಲಿ ಒಂದು ಕಾರ್ಡ್ ಕೊಡುತ್ತಾರೆ, ಯೋಚಿಸಲು ಒಂದು ನಿಮಿಷ, ಮಾತಾಡಲು ಎರಡು ನಿಮಿಷದವರೆಗೆ. ನಿಮಗೆ ಯಾರೋ ಸಹಾಯ ಮಾಡಿದ ಸಂದರ್ಭ ಹೇಳಿ ಅನ್ನುವ ಥರದ ವಿಷಯ ಅಲ್ಲಿ ಮಾಮೂಲು. ಅಲ್ಲಿ ಯಾರೂ ಪಾಸ್ಟ್ ಪರ್ಫೆಕ್ಟ್‌ಗೆ ಉದಾಹರಣೆ ಕೊಡಿ ಅನ್ನುವುದಿಲ್ಲ.

ಇದು ಎಲ್ಲೋ ಹೊರಗಿನಿಂದ ಬಂದ ಫ್ಯಾಷನ್ ಅಂತಲೂ ಅಂದುಕೊಳ್ಳಬೇಡಿ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ವ್ಯಾಕರಣದ ಪಾಠಗಳ ಸಾಲನ್ನು ಪಕ್ಕಕ್ಕಿಟ್ಟು, ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಟ್ಟು, ಮಕ್ಕಳು ತಲೆ ಓಡಿಸಿ ಉತ್ತರ ಹುಡುಕುವಂತೆ ಮಾಡಿ, ಆ ನೆಪದಲ್ಲಿ ಇಂಗ್ಲಿಷ್ ಕಲಿಸುವುದು ಅದರ ಕ್ರಮ. ಇಂಗ್ಲಿಷ್ ಕಲಿಸುವವರ ಲೋಕದಲ್ಲಿ ಅದಕ್ಕೆ 'ಬ್ಯಾಂಗಲೋರ್ ಪ್ರಾಜೆಕ್ಟ್' ಅಂತಲೇ ಹೆಸರು, ಇವತ್ತು ಬೇರೆ ಬೇರೆ ದೇಶಗಳಲ್ಲಿ ಟಾಸ್ಕ್ ಕೊಟ್ಟು ಭಾಷೆ ಕಲಿಸುವ ಪದ್ಧತಿಯ ಮಾತು ಬಂದರೆ ಇದರ ಹೆಸರೂ ಬರುತ್ತದೆ. ಅದು ಶಾಲೆ ಮಕ್ಕಳಿಗೆ ಮಾಡಿದ್ದು, ನನ್ನ ಕ್ಲಾಸಿನವರು ದೊಡ್ಡವರು, ವ್ಯಾಕರಣ ಪೂರ್ತಿ ಬಿಟ್ಟುಬಿಡಿ ಅಂತ ನಾನೂ ಹೇಳುವುದಿಲ್ಲ. ಆದರೆ ಬೆಂಗಳೂರಿನ ಹೆಸರು ಹೊತ್ತ ಪ್ರಯೋಗ ಅಷ್ಟು ದೂರ ಹೋಗಿರುವಾಗ, ಇಲ್ಲೇ ಪಕ್ಕದ ಊರುಗಳ ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳು 12 ಚೌಕ ಬಿಟ್ಟು ಆಚೆ ಬಂದಿಲ್ಲವಲ್ಲ ಅಂತ ಬೇಜಾರು.

ನಿಮ್ಮಲ್ಲಿ ಒಂದು ಕೋರಿಕೆ. ವಿದ್ಯಾರ್ಥಿ ಪುಟದಲ್ಲಿ ಮುಂದಿನ ಸಲ ಆ ಪಟ್ಟಿ ಹಾಕುವ ಬದಲು ಹತ್ತು ಸಾಲಿನ ಒಂದು ಘಟನೆಯನ್ನು ಕನ್ನಡದಲ್ಲಿ ಹಾಕಿ. ಬಸ್ ತಪ್ಪಿದ್ದು, ಮದುವೆ ಮನೆಯಲ್ಲಿ ಚಪ್ಪಲಿ ಕಳೆದದ್ದು, ಏನಾದರೂ ಸರಿ. ಅದನ್ನು ಇಂಗ್ಲಿಷಿನಲ್ಲಿ ಹೇಳಿ ಕಳಿಸಿ ಅಂತ ಓದುಗರನ್ನು ಕೇಳಿ. ಮುಂದಿನ ವಾರ ಬಂದವುಗಳಲ್ಲಿ ಎರಡನ್ನು ಪಕ್ಕ ಪಕ್ಕ ಹಾಕಿ, ಎಲ್ಲಿ ಹ್ಯಾಡ್ ಬೇಕಿತ್ತು, ಎಲ್ಲಿ ಸುಮ್ನೆ ಬಂದಿದೆ, ಅದರಿಂದ ಅರ್ಥ ಹೇಗೆ ಬದಲಾಯಿತು ಅಂತ ಕನ್ನಡದಲ್ಲೇ ನಾಲ್ಕು ಮಾತು ಬರೆಯಿರಿ. ಜಾಗ ಪಟ್ಟಿಯಷ್ಟೇ ಸಾಕು. ಬೇಕಾದರೆ ಮೊದಲ ಘಟನೆಯನ್ನು ನಾನೇ ಬರೆದು ಕಳಿಸುತ್ತೇನೆ.

ಸಂಜೆ ಕ್ಲಾಸಿನ ಇಂಗ್ಲಿಷ್ ಮೇಷ್ಟ್ರು,
ತುಮಕೂರು